ಎದೆಯೊಳಗಿನ ಮೊಗ್ಗು

ಐದು ವರ್ಷ ಬೀಗ ಹಾಕಿಟ್ಟಿದ್ದ ಪಟ್ಟಿ ತೆರೆದ ದಿನ ಶೈಲಾ ಬಾರಕೇರ ನಲವತ್ತೊಂದು ಜನರಿಗೆ ಅವರವರ ಎದೆಯೊಳಗಿನ ಸುದ್ದಿ ಹೇಳಬೇಕಿತ್ತು. ಗದಗಿನ ಆ ಹೃದಯದ ದವಾಖಾನೆಯಲ್ಲಿ ಆಕೆ ಹದಿನೇಳು ವರ್ಷದಿಂದ ಟೆಕ್ನಿಷಿಯನ್. ಸುದ್ದಿ ಹೇಳುವುದು ಟೆಕ್ನಿಷಿಯನ್ ಕೆಲಸವಲ್ಲ, ಡಾಕ್ಟರ ಕೆಲಸ. ಆದರೆ ಡಾಕ್ಟರ್ ನಾಡಗೌಡರು ಬೆಳಿಗ್ಗೆಯೇ ಪಟ್ಟಿಯನ್ನು ಆಕೆಯ ಕೈಗಿಟ್ಟು, "ಜನಕ್ಕ ನಿಮ್ಮ ಮಾತಂದ್ರ ನಂಬಿಕಿ ಐತ್ರಿ, ನೀವ ಹೇಳಿಬಿಡ್ರಿ" ಎಂದು ಜಾರಿಕೊಂಡಿದ್ದರು. ಇಂಥ ಹೊತ್ತಿನಲ್ಲಿ ದೊಡ್ಡವರಿಗೆ ಕೈಕೆಳಗಿನವರ ಮೇಲೆ ವಿಪರೀತ ವಿಶ್ವಾಸ ಉಕ್ಕಿ ಬರುತ್ತದೆ.

ಸುದ್ದಿ ಏನೆಂದು ತಿಳಿಯಬೇಕಾದರೆ ಮೊಗ್ಗಿನ ವಿಷಯ ಒಂದಿಷ್ಟು ಹೇಳಬೇಕು. ಹೃದಯದ ರಕ್ತನಾಳ ಕಿರಿದಾದರೆ ಅದರೊಳಗೆ ಸಣ್ಣ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಕೂರಿಸಿ ದಾರಿ ಅಗಲ ಮಾಡುವುದು ಹಿಂದಿನಿಂದ ನಡೆದು ಬಂದದ್ದು. ಹಾರ್ಟ್ ಅಟ್ಯಾಕ್ ಆಗಿ ಬಿದ್ದವನನ್ನು ಅದು ಉಳಿಸುತ್ತದೆ, ಅದರಲ್ಲಿ ಯಾರ ತಕರಾರೂ ಇರಲಿಲ್ಲ. ತಕರಾರಿದ್ದದ್ದು ಇನ್ನೊಂದು ಗುಂಪಿನ ಬಗ್ಗೆ. ಮೆಟ್ಟಿಲು ಹತ್ತಿದರೆ, ಜೋರಾಗಿ ನಡೆದರೆ ಎದೆ ಹಿಡಿಯುತ್ತದೆ, ಕೂತರೆ ಬಿಡುತ್ತದೆ ಎನ್ನುವವರು ಇವರು. ಇವರಿಗೂ ವರ್ಷವರ್ಷ ಲಕ್ಷಗಟ್ಟಲೆ ಸ್ಟೆಂಟ್ ಹಾಕಲಾಗುತ್ತಿತ್ತು. ಹಾಕಿಸಿಕೊಂಡವರು ಆರಾಮಾದೆವು ಎನ್ನುತ್ತಿದ್ದರು. ಆರಾಮಾದದ್ದು ಸ್ಟೆಂಟಿನಿಂದಲೋ, ಜೊತೆಗೆ ಕೊಟ್ಟ ಗುಳಿಗೆಯಿಂದಲೋ, ಅಥವಾ ಇಷ್ಟು ದೊಡ್ಡ ಕೆಲಸ ನನ್ನ ಎದೆಗೆ ನಡೆಯಿತಲ್ಲ ಎಂಬ ಧೈರ್ಯದಿಂದಲೋ ಎಂದು ಕೇಳಿದರೆ ಎದೆ ತಟ್ಟಿ ಉತ್ತರ ಹೇಳುವವರು ಸಿಗುತ್ತಿರಲಿಲ್ಲ.

ಆಗ ಬಂದದ್ದು ಮೊಗ್ಗು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ. ಅದೂ ಸ್ಟೆಂಟೇ, ಆದರೆ ತನ್ನ ಆಕಾರವನ್ನು ನೆನಪಿಟ್ಟುಕೊಳ್ಳುವ ಲೋಹದ್ದು. ಕೂದಲೆಳೆಯಷ್ಟು ತೆಳ್ಳಗೆ ಮಡಚಿಕೊಂಡು ನಾಳದ ಗೋಡೆಗೆ ಅಂಟಿ ಕೂರುತ್ತದೆ. ಎದೆಯ ಮೇಲೆ ತಟ್ಟೆಯಂಥ ಸಾಧನವೊಂದನ್ನು ಇಟ್ಟು ರೇಡಿಯೋ ಸಂಕೇತ ಕಳಿಸಿದರೆ ಆ ಲೋಹವಷ್ಟೇ ತುಸು ಬಿಸಿಯಾಗಿ, ಅರಳಿ, ಜಾಲರಿಯಾಗಿ ದಾರಿ ತೆರೆಯುತ್ತದೆ. ಸಂಕೇತ ಹೋಗದಿದ್ದರೆ ಎಷ್ಟು ವರ್ಷವಾದರೂ ಮಡಚಿಕೊಂಡೇ ಇರುತ್ತದೆ. ಎಂಟು ಊರುಗಳ ನಾಲ್ಕು ಸಾವಿರ ಜನ, ಅವರಲ್ಲಿ ಗದಗಿನವರು ನಲವತ್ತೊಂದೇ, ಎಲ್ಲ ತಿಳಿದೇ ಸಹಿ ಮಾಡಿ, ಮೊಗ್ಗು ಕೂರಿಸಿಕೊಂಡರು. ಯಾರದನ್ನು ಅರಳಿಸಬೇಕು, ಯಾರದನ್ನು ಹಾಗೇ ಬಿಡಬೇಕು ಎಂದು ಕಂಪ್ಯೂಟರ್ ಚೀಟಿ ಎತ್ತಿತು. ರೋಗಿಗೆ ಗೊತ್ತಿಲ್ಲ, ಡಾಕ್ಟರಿಗೆ ಗೊತ್ತಿಲ್ಲ, ಯಂತ್ರದ ಮೇಲಿನ ಹಸಿರು ದೀಪ ಎಲ್ಲರಿಗೂ ಒಂದೇ ಥರ ಹತ್ತುತ್ತಿತ್ತು. ಗುಳಿಗೆಗಳೂ ಎಲ್ಲರಿಗೂ ಒಂದೇ.

ಈಗ ಫಲಿತಾಂಶ ಬಂದಿತ್ತು. ಸಾವು, ಅಟ್ಯಾಕ್ ಎರಡೂ ಗುಂಪಿನಲ್ಲಿ ಸಮ. ಅರಳಿದವರಲ್ಲಿ ನೂರಕ್ಕೆ ಅರವತ್ತೆರಡು ಜನರಿಗೆ ನೋವು ಹೋಗಿತ್ತು. ಅರಳದವರಲ್ಲಿ ಐವತ್ತೊಂಬತ್ತು ಜನರಿಗೆ. ನಾಡಗೌಡರು ಆ ಹಾಳೆಯನ್ನು ನಾಲ್ಕು ಸಲ ಓದಿದರು. ಮೂವತ್ತು ವರ್ಷ ಮಾಡಿದ ಕೆಲಸದ ಫಲ ನೂರಕ್ಕೆ ಮೂರೇ ಮೂರು ಜನ ಎಂದು ನಂಬಲು ಅವರಿಗೆ ಆಗಲಿಲ್ಲ.

ಅರಳದವರಿಗೆ ಶೈಲಾ ಹೇಳಬೇಕಾದ ಮಾತು ಮೇಲಿನಿಂದಲೇ ಬರೆದು ಬಂದಿತ್ತು. ನಿಮ್ಮ ಮೊಗ್ಗು ಅರಳಿಲ್ಲ. ಇದರಿಂದ ನಿಮಗೆ ತೊಂದರೆ ಏನೂ ಆಗಿಲ್ಲ. ಬೇಕೆಂದರೆ ಈಗಲೂ ಅರಳಿಸಬಹುದು, ಆದರೆ ಅದರಿಂದ ವಿಶೇಷ ಲಾಭವಿಲ್ಲ. ಇಷ್ಟು ವರ್ಷ ಮಡಚಿ ಕೂತದ್ದನ್ನು ಅರಳಿಸುವಾಗ ಇನ್ನೂರರಲ್ಲಿ ಒಬ್ಬರಿಗೆ ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಅಪಾಯವಾಗಬಹುದು. ಮೊದಲ ಐದಾರು ಜನರಿಗೆ ಹೇಳುವಾಗ ಆಕೆಗೆ ಸಂಕಟವಾಯಿತು. ಆಮೇಲೆ ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿಯಿತು. ಬಾಯಿ ತಾನಾಗಿ ಮಾತಾಡುತ್ತಿತ್ತು, ಆಕೆ ಕೇಳಿಸಿಕೊಳ್ಳುತ್ತಿದ್ದಳು.

ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಎರಡು ಅಂತಸ್ತು ಮೆಟ್ಟಿಲು ಹತ್ತಿಯೇ ಬಂದಿದ್ದರು. ಸುದ್ದಿ ಕೇಳಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು, ಎದ್ದರು, ಬಾಗಿಲ ಹತ್ತಿರ ಎದೆಯ ಮೇಲೆ ಕೈಯಿಟ್ಟು ನಿಂತು, "ಇಲ್ಲಿ ಲಿಫ್ಟ್ ಯಾವ ಕಡೆ ಐತ್ರಿ?" ಎಂದು ಕೇಳಿದರು. ಇನ್ನೊಬ್ಬನದು ಅರಳಿತ್ತು. "ನಾ ಮೊದಲ ದಿನಾನ ಹೇಳಿದ್ದಿಲ್ಲೇನ್ರಿ, ಒಳಗ ತಂಪಾಗೈತಿ ಅಂತ" ಎಂದು ಬೀಗಿದ. ಅವನ ಎದೆನೋವು ಐದು ವರ್ಷದಿಂದ ಒಂದಿಷ್ಟೂ ಕಡಿಮೆಯಾಗಿರಲಿಲ್ಲ, ಅದು ಪಟ್ಟಿಯಲ್ಲೇ ಇತ್ತು.

ಬೆಟಗೇರಿಯಲ್ಲಿ ಖಾನಾವಳಿ ಇಟ್ಟಿದ್ದ ಕಾಶವ್ವ ಮಾತ್ರ ಸುದ್ದಿ ಕೇಳಿ ನಕ್ಕುಬಿಟ್ಟಳು. ಅರವತ್ತೆರಡರ ಹೆಂಗಸು, ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವವಳು.

"ಅರಳಿಲ್ಲಂದ್ರ? ಐದು ವರ್ಷ ಅದು ಒಳಗ ಸುಮ್ಮ ಕುಂತೈತೇನು?"

"ಹೌದ್ರಿ ಕಾಶವ್ವ. ಸುಮ್ಮನ ಕುಂತೈತಿ."

"ಹಂಗಾರ ನನ್ನ ಎದಿ ತಾನ ಸುಧಾರಿಸ್ಕೊಂಡೈತಿ ಅನ್ನು. ಭೇಷ್ ಆತು ಬಿಡವ್ವ, ಯಾರ ಹಂಗೂ ಇಲ್ಲ."

"ಬೇಕಂದ್ರ ಈಗ ಅರಳಸಬಹುದು."

"ಯಾಕ? ತಾನೂ ಸುಮ್ಮನೈತಿ, ನನ್ನನ್ನೂ ಸುಮ್ಮನ ಬಿಟ್ಟೈತಿ." ಕಾಶವ್ವ ಚೀಲದಿಂದ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. "ಮಾರಿ ಯಾಕ ಹಿಂಗ ಮಾಡೀದಿ? ಊಟ ಮಾಡು."

ಶೈಲಾಳ ಮುಖ ಹಾಗಾಗಲು ಕಾರಣವಿತ್ತು. ಪಟ್ಟಿಯ ಇಪ್ಪತ್ತೊಂಬತ್ತನೆಯ ಹೆಸರು ಫಕ್ಕೀರೇಶ ಬಾರಕೇರ, ಆಕೆಯ ಗಂಡ. ಅದರ ಮುಂದೆ ಅರಳಿಲ್ಲ ಎಂದಿತ್ತು.

ಫಕ್ಕೀರೇಶ ಮದುವೆ ಮೆರವಣಿಗೆಗಳಲ್ಲಿ ಕ್ಲಾರಿನೆಟ್ ಊದುವವನು. ಐದು ವರ್ಷದ ಹಿಂದೆ, ನಲವತ್ತೊಂಬತ್ತರಲ್ಲಿ, ಊದುತ್ತ ಊದುತ್ತ ಎದೆ ಹಿಡಿದು ನಿಂತುಬಿಡುತ್ತಿದ್ದ. ಹಾಡು ಎರಡನೇ ಚರಣ ದಾಟುತ್ತಿರಲಿಲ್ಲ. ಅವನಿಗೂ ಮೊಗ್ಗು ಕೂರಿಸಿದರು. ಆ ದಿನ ಶೈಲಾಳಿಗೆ ಒಳಗೆ ಕೆಲಸವಿರಲಿಲ್ಲ, ಹೆಂಡತಿಯಾಗಿ ಹೊರಗೆ ಕೂರಬೇಕಾದವಳು ಯಂತ್ರದ ಹಿಂದೆ ಹೋಗಿ ನಿಂತಿದ್ದಳು. ಲ್ಯಾಬಿನ ಟೆಕ್ನಿಷಿಯನ್ನರಲ್ಲಿ ಆಗ ಒಂದು ಒಳಮಾತು ಹಬ್ಬಿತ್ತು. ಸಂಕೇತ ಹೋದ ಕೂಡಲೇ ಇಸಿಜಿ ಪರದೆಯ ಮೇಲೆ ಹೃದಯದ ಗೆರೆಯಲ್ಲಿ ಮೂರು ಬಡಿತ ಎಡವಿದರೆ ಮೊಗ್ಗು ಅರಳಿತು ಎಂದರ್ಥ. ಯಾವ ಪುಸ್ತಕದಲ್ಲೂ ಇದು ಇರಲಿಲ್ಲ. ದಿನವೂ ಆ ಗೆರೆಗಳನ್ನೇ ನೋಡುತ್ತ ಕೂತವರು ತಾವೇ ಕಂಡುಕೊಂಡದ್ದು, ಹೀಗಾಗಿ ಅವರಿಗೆ ಪುಸ್ತಕಕ್ಕಿಂತ ಹೆಚ್ಚಿನ ನಂಬಿಕೆ. ಫಕ್ಕೀರೇಶನ ಗೆರೆಯಲ್ಲಿ ಮೂರು ಬಡಿತ ಎಡವಿದವು. ಹೇಳಬಾರದೆಂದು ಪ್ರಮಾಣ ಮಾಡಿದ್ದ ಶೈಲಾ ಮನೆಗೆ ಬಂದು ಚಹಾ ಕೊಡುತ್ತ, "ನಿಮ್ಮದು ಅರಳೈತಿ, ಯಾರ ಮುಂದೂ ಅನಬ್ಯಾಡ್ರಿ" ಎಂದಿದ್ದಳು. ತಿಂಗಳೊಳಗೆ ಅವನು ಮೂರು ತಾಸಿನ ಮೆರವಣಿಗೆ ಊದತೊಡಗಿದ.

ಪಟ್ಟಿಯೊಂದಿಗೆ ಬಂದ ವರದಿಯಲ್ಲಿ ಆ ಮೂರು ಬಡಿತದ ಮಾತೂ ಇತ್ತು. ಎಂಟು ಊರಿನ ಟೆಕ್ನಿಷಿಯನ್ನರೂ ಅದನ್ನೇ ನಂಬಿದ್ದರಂತೆ. ಅರಳುವುದಕ್ಕೂ ಬಡಿತ ಎಡವುವುದಕ್ಕೂ ಯಾವ ಸಂಬಂಧವೂ ಇಲ್ಲ ಎಂದು ಎರಡೇ ಸಾಲಿನಲ್ಲಿ ಮುಗಿಸಿದ್ದರು.

ವಾರದೊಳಗೆ ಎಲ್ಲರ ಮನೆಗೂ ಕಾಗದ ಬರುವುದಿತ್ತು. ಮುಚ್ಚಿಡುವ ದಾರಿ ಇರಲಿಲ್ಲ. ಸಂಜೆ ಊಟಕ್ಕೆ ಕೂತಾಗ ಶೈಲಾ ಬೆಳಗಿನಿಂದ ಹೇಳಿಕೊಂಡು ಬಂದಿದ್ದ ಮಾತುಗಳನ್ನೇ ಗಂಡನಿಗೂ ಹೇಳಿದಳು. ಬೇರೆ ಮಾತು ಆಕೆಗೆ ಸಿಗಲಿಲ್ಲ.

ಫಕ್ಕೀರೇಶ ತುತ್ತು ಕೈಯಲ್ಲೇ ಹಿಡಿದು ಕೇಳಿದ. "ಮೂರು ಬಡಿತ ಅಂದಿದ್ದಿ."

"ಅದು ಸುಳ್ಳಾತು. ನಾವ ತಪ್ಪು ತಿಳ್ಕೊಂಡಿದ್ವಿ."

"ನೀ ನೋಡೀನಿ ಅಂದಿ ಅಂತ ನಾ ನಂಬಿದ್ದೆ."

"ನೀವು ಆರಾಮ ಅದೀರಲ್ಲ. ಅರಳದ ಇದ್ರೂ ಆರಾಮ ಆಗೀರಿ. ಅದು ಒಳ್ಳೇದ ಅಲ್ಲೇನ್ರಿ?"

ಅವನು ಊಟ ಬಿಟ್ಟು ಏಳಲಿಲ್ಲ, ಪೂರ್ತಿ ಉಂಡ, ಕೈ ತೊಳೆದ. ಶೈಲಾ ಸದ್ಯ ಇಷ್ಟಕ್ಕೇ ಮುಗಿಯಿತಲ್ಲ ಎಂದುಕೊಂಡಳು.

ಮುಗಿದಿರಲಿಲ್ಲ. ಮರುದಿನ ತಾಲೀಮಿನಲ್ಲಿ ಎರಡನೇ ಚರಣಕ್ಕೆ ಬಂದವನು ವಾದ್ಯ ಕೆಳಗಿಟ್ಟ. ವಾರದಲ್ಲಿ ಎರಡು ಮೆರವಣಿಗೆ ಬಿಟ್ಟ. ಹದಿನೈದು ದಿನಕ್ಕೆ ಸ್ನಾನಕ್ಕೆ ಹೋಗುವಾಗಲೂ ಗೋಡೆ ಹಿಡಿದು ನಡೆಯತೊಡಗಿದ. ಶೈಲಾ ಅವನನ್ನು ದವಾಖಾನೆಗೆ ಕರೆದೊಯ್ದು ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷೆ ಮಾಡಿಸಿದಳು. ಹೃದಯ ಹೋದ ವರ್ಷ ಹೇಗಿತ್ತೋ ಹಾಗೇ ಇತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೆ ನಾಲ್ಕನೇ ನಿಮಿಷಕ್ಕೆ ಅವನು ನೋವು ಎಂದ, ಬೆವರಿದ, ಮುಖ ಕಪ್ಪಿಟ್ಟಿತು. ಅದು ನಟನೆಯಲ್ಲ. ಹದಿನೇಳು ವರ್ಷ ನೋವು ನೋಡಿದವಳಿಗೆ ಅಷ್ಟು ಗೊತ್ತಾಗುತ್ತದೆ.

"ಅರಳಿಸಿಬಿಡು ಶೈಲಾ" ಎಂದ, ಮನೆಗೆ ಬಂದು ಮಂಚದ ಮೇಲೆ ಕೂತು.

"ಈ ತಿಂಗಳಾಗ ಬ್ಯಾರೆ ಊರಾಗ ಅರಳಿಸಿಕೊಂಡವರು ಇಬ್ಬರು ಸತ್ತಾರ್ರಿ. ಲಾಭ ಇಲ್ಲಂತ ಕಾಗದದಾಗ ಐತಿ, ಓದೀರಲ್ಲ."

"ಇಬ್ಬರು ಸತ್ರ ಉಳಿದವರು ಬದುಕ್ಯಾರ. ನಾ ಈಗ ಏನಾಗೀನಿ ನೋಡು. ಹಿಂಗ ಮಂಚ ಹಿಡದು ಕುಂದರೂದು ಬದುಕೇನು?"

ಶೈಲಾಳಿಗೆ ಅಳು ಬರಬೇಕಿತ್ತು, ಬರಲಿಲ್ಲ. ಅವನ ಕಾಲು ಒತ್ತುತ್ತ ಕೂತಳು. ಅವನು ಸಾಯುವುದೂ ಬೇಡ, ಹೀಗೆ ಬದುಕುವುದೂ ಬೇಡ, ಇಷ್ಟು ಮಾತ್ರ ಆಕೆಗೆ ಸ್ಪಷ್ಟವಾಗಿತ್ತು.

ಕೇಳಿದವರಿಗೆ ಅರಳಿಸಿಕೊಡಬೇಕೆಂಬ ನಿಯಮವಿತ್ತು, ಸಹಿಯಾಯಿತು. ಗುರುವಾರ ಅವನನ್ನು ಮಲಗಿಸಿದರು. ಇದಕ್ಕೆ ಕೊಯ್ಯುವ ಚುಚ್ಚುವ ಕೆಲಸವಿಲ್ಲ, ಎದೆಯ ಮೇಲೆ ತಟ್ಟೆ ಇಟ್ಟು ಗುಂಡಿ ಒತ್ತಿದರೆ ಎರಡು ನಿಮಿಷದ ಮಾತು. ಒಳಗೆ ಟೆಕ್ನಿಷಿಯನ್ ಒಬ್ಬಳೇ ಇರುತ್ತಿದ್ದಳು, ಡಾಕ್ಟರ್ ಪಕ್ಕದ ಕೋಣೆಯಲ್ಲಿ. ಗಾಜಿನ ಗೋಡೆಯಾಚೆ ಬಂಧುಗಳು ಕೂರುತ್ತಿದ್ದರು. ಒಳಗೆ ಏನು ನಡೆದರೂ ನಮಗೆ ಕೇಳಬೇಕು ಎಂದು ಈ ಊರಿನ ಜನ ಒಮ್ಮೆ ಜಗಳ ತೆಗೆದದ್ದರಿಂದ ಮೈಕನ್ನು ಸದಾ ಚಾಲೂ ಇಡುವ ಪದ್ಧತಿ ಬಂದಿತ್ತು. ಆ ದಿನ ಗಾಜಿನಾಚೆ ಬ್ಯಾಂಡಿನವರು ನಾಲ್ಕು ಜನ ಕೂತಿದ್ದರು.

ಯಂತ್ರಕ್ಕೆ ಎರಡು ಗುಂಡಿ. ಒಂದು ಅರಳಿಸುವುದು. ಇನ್ನೊಂದು ಪರೀಕ್ಷೆಯ ಗುಂಡಿ. ಯಂತ್ರ ಸರಿಯಿದೆಯೋ ಇಲ್ಲವೋ ನೋಡಲು ದಿನಾ ಬೆಳಿಗ್ಗೆ ಖಾಲಿ ಮಂಚಕ್ಕೆ ಅದನ್ನು ಒತ್ತುತ್ತಿದ್ದರು. ಸದ್ದು ಅದೇ, ಹಸಿರು ದೀಪ ಅದೇ, ಆದರೆ ಅರಳಿಸುವ ಸಂಕೇತ ಹೋಗುವುದಿಲ್ಲ. ಯಾವ ಗುಂಡಿ ಒತ್ತಿದರೆಂದು ಯಂತ್ರ ನೆನಪಿಡುತ್ತಿರಲಿಲ್ಲ, ದಾಖಲೆ ಪುಸ್ತಕದಲ್ಲಿ ಟೆಕ್ನಿಷಿಯನ್ ಬರೆದದ್ದೇ ದಾಖಲೆ.

ಫಕ್ಕೀರೇಶ ಕಣ್ಣು ಮುಚ್ಚಿ ಮಲಗಿದ್ದ. ಶೈಲಾ ಪರೀಕ್ಷೆಯ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಮೈಕಿನ ಕಡೆ ಬಾಗಿ, "ಅರಳಿತು" ಎಂದಳು. ಗಾಜಿನಾಚೆ ನಾಲ್ವರೂ ಎದ್ದು ನಿಂತು ಕೈ ಮುಗಿದರು.

ಅವನು ಮಂಚದಿಂದ ಇಳಿಯುವಾಗಲೇ ಗೋಡೆ ಹಿಡಿಯಲಿಲ್ಲ. ಮೂರನೇ ದಿನಕ್ಕೆ ವಾದ್ಯ ಒರೆಸಿ ಕೂತ. ಎರಡನೇ ವಾರ ರೈಲು ನಿಲ್ದಾಣದಿಂದ ಮದುವೆ ಮಂಟಪದವರೆಗೂ ಊದುತ್ತ ಹೋದ. ಶೈಲಾ ಹೆಂಗಸರ ಸಾಲಿನಲ್ಲಿ ನಡೆಯುತ್ತ ಅವನ ಕೆನ್ನೆ ಉಬ್ಬುವುದನ್ನು ನೋಡಿದಳು. ಸಂತೋಷ ಪಡಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಒಳಗಿನಿಂದ ಏನೂ ಏಳಲಿಲ್ಲ. ಈ ಗುಟ್ಟು ತನ್ನೊಬ್ಬಳ ಹತ್ತಿರವೇ ಇರುತ್ತದೆ, ಇದ್ದರೆ ಇರಲಿ ಎಂದುಕೊಂಡು ನಡೆದಳು.

ಗುಟ್ಟು ಅಲ್ಲಿಗೇ ನಿಲ್ಲುವಂಥದ್ದಾಗಿರಲಿಲ್ಲ. ತಿಂಗಳ ತಪಾಸಣೆಯ ದಿನ ದಾಖಲೆ ಪುಸ್ತಕದಲ್ಲಿ ಆಕೆಯೇ ಬರೆಯಬೇಕಾಯಿತು. ಫಕ್ಕೀರೇಶ ಬಾರಕೇರ. ಅರಳಿಸಲಾಗಿದೆ. ನೋವು ಪೂರ್ತಿ ಹೋಗಿದೆ. ನಾಡಗೌಡರು ಅದನ್ನು ಓದಿದಾಗ ಅವರ ಮುಖಕ್ಕೆ ಎಷ್ಟೋ ದಿನದ ಮೇಲೆ ಕಳೆ ಬಂತು.

"ನೋಡ್ರಿ ಶೈಲಾ ಅವರ, ಲೆಕ್ಕ ಏನರ ಹೇಳ್ಲಿ. ಅರಳಿಲ್ಲ ಅಂತ ಗೊತ್ತಾದ ಮ್ಯಾಲೆ ಬಿದ್ದ ಮನಷಾ, ಅರಳಿಸಿದ ಮ್ಯಾಲೆ ಎದ್ದು ನಿಂತಾನ. ಇದಕ್ಕಿಂತ ಪುರಾವೆ ಬೇಕೇನ್ರಿ?"

"ಒಬ್ಬರ ಮ್ಯಾಲೆ ಹೇಳಾಕ ಬರೂದಿಲ್ರಿ ಸರ್."

"ಒಬ್ಬರ ಯಾಕ್ರಿ? ಇನ್ನೂ ಮಂದಿ ಬರ್ಲಿ. ಒಂದು ವರದಿ ಬರದು ಕಳಸೋಣು. ನಿಮ್ಮ ಯಜಮಾನ್ರಿಗೆ ನಾಕು ಮಾತು ಹೇಳಾಕ ಹೇಳ್ರಿ."

ಹೇಳುವ ಅಗತ್ಯವೇ ಬೀಳಲಿಲ್ಲ. ಫಕ್ಕೀರೇಶನಿಗೆ ತನ್ನ ಜೀವ ಮರಳಿ ಸಿಕ್ಕ ಹುರುಪು. ಎರಡು ಸಲ ಜೀವ ಉಳಿಸಿದಳು ಎಂದು ಹೆಂಡತಿಯನ್ನು ಹೊಗಳುತ್ತ, ಅರಳದವರ ಮನೆಗಳನ್ನು ಹುಡುಕಿಕೊಂಡು ಹೋಗಿ ಧೈರ್ಯ ಹೇಳಿ ಬಂದ. ಒಳ್ಳೆಯ ಮನಸ್ಸಿನಿಂದಲೇ ಹೋಗಿದ್ದ. ಪೋಸ್ಟ್ ಮಾಸ್ತರರು ಒಪ್ಪಿದರು. ಮತ್ತೊಬ್ಬರು ಒಪ್ಪಿದರು. ಹೀಗೆ ಹದಿನಾರು ಜನ ಸಹಿ ಮಾಡಿದರು. ಅವರೆಲ್ಲರಿಗೂ ಒಂದೇ ಸೋಮವಾರ ನಿಗದಿಯಾಯಿತು.

ಮೊದಲು ಒಳಗೆ ಬಂದವಳು ಕಾಶವ್ವ. ಆಕೆಯನ್ನು ನೋಡಿ ಶೈಲಾ ಒಂದು ಗಳಿಗೆ ತಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು.

"ನೀವ್ಯಾಕ ಬಂದ್ರಿ ಕಾಶವ್ವ? ನೋವು ಬಂತೇನು?"

"ನೋವಿಲ್ಲವ್ವ." ಕಾಶವ್ವ ಮಂಚ ಹತ್ತಿ ಮಲಗಿದಳು. ಮೊದಲಿನ ನಗು ಇರಲಿಲ್ಲ. "ನಿನ್ನ ಗಂಡ ಬಂದು ಹೇಳಿ ಹೋದಾಗಿಂದ ರೊಟ್ಟಿ ಬಡಿಯೂವಾಗೆಲ್ಲ ಎದಿ ಮ್ಯಾಲ ಲಕ್ಷ್ಯ ಹೋಗತೈತಿ. ಮುಚ್ಚಿದ್ದು ಮುಚ್ಚೇ ಐತೆಲ್ಲ, ನಾಳೆ ಏನರ ಆದ್ರ ಅಂತ. ಮೊದಲು ನೂರೆಂಟು ಕೆಲಸ ಮಾಡತಿದ್ದೆ, ಈಗ ಇದೊಂದ ಕೆಲಸ ಆಗೈತಿ. ನಿನ್ನ ಗಂಡಗ ಹೆಂಗ ಮಾಡಿದಿ, ನನಗೂ ಹಂಗ ಮಾಡಿಬಿಡು."

ಶೈಲಾ ತಟ್ಟೆಯನ್ನು ಆಕೆಯ ಎದೆಯ ಮೇಲಿಟ್ಟು ಯಂತ್ರದ ಮುಂದೆ ಕೂತಳು. ಒಂದು ಗುಂಡಿ ಒತ್ತಿದರೆ ಏನೂ ಬೇನೆಯಿಲ್ಲದ ಈ ಹೆಂಗಸು ಇನ್ನೂರರಲ್ಲಿ ಒಬ್ಬಳಾಗಬಹುದು, ಹೊರಗೆ ಕೂತ ಹದಿನೈದು ಜನರಲ್ಲಿ ಯಾರಾದರೂ ಆಗಬಹುದು. ಇನ್ನೊಂದು ಒತ್ತಿದರೆ ಎಲ್ಲರೂ ಆರಾಮಾಗುತ್ತಾರೆ, ಪುಸ್ತಕದಲ್ಲಿ ಹದಿನಾರು ಸುಳ್ಳು ಸೇರುತ್ತವೆ, ನಾಡಗೌಡರು ವರದಿ ಕಳಿಸುತ್ತಾರೆ. ಅದನ್ನು ಓದಿ ಉಳಿದ ಏಳು ಊರುಗಳಲ್ಲಿ ನೂರಾರು ಮಂದಿ ಮಂಚ ಹತ್ತುತ್ತಾರೆ. ಅಲ್ಲಿ ಒತ್ತುವವರು ಖರೇ ಗುಂಡಿಯನ್ನೇ ಒತ್ತುತ್ತಾರೆ. ನೂರಕ್ಕೆ ಮೂರು ಎಂದು ಗೊತ್ತುಮಾಡಲು ನಾಲ್ಕು ಸಾವಿರ ಜನ ಐದು ವರ್ಷ ತಮ್ಮದು ಅರಳಿದೆಯೋ ಇಲ್ಲವೋ ತಿಳಿಯದೆ ಬದುಕಿದ್ದರು. ಅದನ್ನು ಆಕೆಯೊಬ್ಬಳು ಒಂದು ಗುರುವಾರ ಕೆಡಿಸಿ ಕೂತಿದ್ದಳು.

ಅನೇಕ ವಾರಗಳ ಮೇಲೆ ಆಕೆಗೆ ಭಯವಾಯಿತು. ಕಾಲಿನ ಜೋಮು ಬಿಡುವಾಗ ಮೊದಲು ನೋಯುತ್ತದಲ್ಲ, ಹಾಗೆ ಮೈಯೆಲ್ಲ ನೊಂದಿತು. ಗಾಜಿನಾಚೆ ಫಕ್ಕೀರೇಶ ಪೋಸ್ಟ್ ಮಾಸ್ತರರ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದ. ಅವನ ಮುಖ ತುಂಬ ಆರೋಗ್ಯವಿತ್ತು. ಈಗ ಬಾಯಿ ತೆರೆದರೆ ಆ ಮುಖವನ್ನು ಇನ್ನೊಮ್ಮೆ ನೋಡುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಮೈಕನ್ನು ಬಂದ್ ಮಾಡಿ ಕಾಶವ್ವನೊಬ್ಬಳಿಗೇ ಹೇಳಬಹುದಾಗಿತ್ತು. ಶೈಲಾಳ ಬೆರಳು ಮೈಕಿನ ಗುಂಡಿಯವರೆಗೂ ಹೋಗಿ ಹಿಂದಕ್ಕೆ ಬಂತು.

"ನನ್ನ ಗಂಡಗ ನಾ ಏನೂ ಮಾಡಿಲ್ಲ ಕಾಶವ್ವ" ಎಂದಳು. "ಅವತ್ತು ಒತ್ತಿದ್ದು ಖಾಲಿ ಗುಂಡಿ. ಅವರದು ಇವತ್ತಿಗೂ ಅರಳಿಲ್ಲ. ಅವರು ಆರಾಮ ಆಗಿದ್ದು ಎರಡೂ ಸಲ ನನ್ನ ಸುಳ್ಳಿನಿಂದ."

ಕಾಶವ್ವ ಮಲಗಿದಲ್ಲಿಂದಲೇ ತಲೆ ತಿರುಗಿಸಿದಳು. ಗಾಜಿನಾಚೆ ಸರದಿಗೆ ಕೂತಿದ್ದ ಹದಿನೈದು ಜನರೂ ಮೈಕಿನ ಮಾತು ಕೇಳಿ ಎದ್ದು ನಿಂತರು. ಫಕ್ಕೀರೇಶ ಪೋಸ್ಟ್ ಮಾಸ್ತರರ ಹೆಗಲ ಮೇಲಿನ ಕೈ ತೆಗೆದು, ಎಲ್ಲಿ ಇಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ಹೆಂಡತಿಯನ್ನು ನೋಡುತ್ತ ನಿಂತ.